ರೋಮನ್ ಅಂಕಿಗಳೂ ಹಾನಗಲ್ಲು ನಾಡಿನ ಶಾಸನಗಳೂ

ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ ಮತ್ತು ಸವಣೂರು ತಾಲೂಕುಗಳ ಹಳೆಯ ಚರಿತ್ರೆಯನ್ನು ಮೂಲದಿಂದಲೇ ತಿಳಿಯಬಯಸುವವರು ಗುಡಿಯ ಅಂಗಳದಲ್ಲಿ ನಿಂತ ಶಾಸನದ ಕಲ್ಲಿನ ಜೊತೆಗೆ ಅದರ ಪಾಠ ಅಚ್ಚಾಗಿರುವ ಗ್ರಂಥವನ್ನೂ ಹುಡುಕಬೇಕಾಗುತ್ತದೆ. ಹಿರೇಕೆರೂರು ತಾಲೂಕಿನ ಅಬಲೂರಿನ ಶಾಸನಗಳನ್ನು, ಅವುಗಳಲ್ಲಿ ಪ್ರಸಿದ್ಧವಾದ ಏಕಾಂತದ ರಾಮಯ್ಯನ ವೃತ್ತಾಂತವನ್ನೂ ಸೇರಿಸಿ, ಜೆ. ಎಫ್. ಫ್ಲೀಟ್ ಅವರು ಸಂಪಾದಿಸಿದ್ದು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ, ಆಗ ಕೋಡ ತಾಲೂಕೆಂದು ಕರೆಯಲಾಗುತ್ತಿದ್ದ ಈ ಭಾಗವೂ ಸೇರಿದಂತೆ ಇಡೀ ಧಾರವಾಡ ಜಿಲ್ಲೆಯ ವಿವರ ಅಚ್ಚಾದದ್ದು 1884ರ ಮುಂಬಯಿ ಗ್ಯಾಸೆಟಿಯರಿನ ಇಪ್ಪತ್ತೆರಡನೆಯ ಸಂಪುಟದಲ್ಲಿ, ಮುಂಬಯಿ-ಕರ್ನಾಟಕದ ಶಾಸನಗಳು ಕ್ರಮವಾಗಿ ಬೆಳಕು ಕಂಡದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಹನ್ನೊಂದು, ಹದಿನೈದು, ಹದಿನೆಂಟು ಮತ್ತು ಇಪ್ಪತ್ತನೆಯ ಸಂಪುಟಗಳಲ್ಲಿ. ಈ ಸಂಪುಟಗಳ ಸಂಖ್ಯೆಗಳೆಲ್ಲ ರೋಮನ್ ಅಂಕಿಗಳಲ್ಲಿ ಮುದ್ರಿತವಾಗಿವೆ, ಮತ್ತು ಇಂದಿಗೂ ವಿದ್ವಾಂಸರು ತಮ್ಮ ಲೇಖನಗಳ ಅಡಿಟಿಪ್ಪಣಿಗಳಲ್ಲಿ ಅವುಗಳನ್ನು ಹಾಗೆಯೇ ಉಲ್ಲೇಖಿಸುತ್ತಾರೆ. ಆದುದರಿಂದ ಎರಡು ಸಾವಿರ ವರ್ಷಗಳ ಹಿಂದೆ ಇಟಲಿಯಲ್ಲಿ ರೂಢಿಯಲ್ಲಿದ್ದ ಒಂದು ಎಣಿಕೆಯ ಬರಹವು ಹಾನಗಲ್ಲು ನಾಡಿನ ಇತಿಹಾಸದ ವಿದ್ಯಾರ್ಥಿಗೆ ಇವತ್ತಿನ ಅಗತ್ಯವಾಗಿದೆ. ಅದನ್ನು ಓದುವ ಮತ್ತು ಪರಿವರ್ತಿಸುವ ಕ್ರಮವನ್ನು ಈ ನಾಡಿನದೇ ಸಂಖ್ಯೆಗಳ ಮೂಲಕ ವಿವರಿಸುವುದು ಈ ಭಾಷಣದ ಉದ್ದೇಶ.

ರೋಮನ್ ಸಂಖ್ಯಾಪದ್ಧತಿಯೆಂದರೆ ಲ್ಯಾಟಿನ್ ವರ್ಣಮಾಲೆಯ ಏಳು ಅಕ್ಷರಗಳಿಗೆ ಒಂದೊಂದು ನಿಶ್ಚಿತ ಬೆಲೆಯನ್ನು ಕೊಟ್ಟು, ಅವುಗಳನ್ನು ಸಾಲಾಗಿ ಇಟ್ಟು ಸಂಖ್ಯೆಯನ್ನು ಸೂಚಿಸುವ ಕ್ರಮ. ಬಾನುಲಿಯಲ್ಲಿ ಬರಹವು ಕಣ್ಣಿಗೆ ಕಾಣದಿರುವುದರಿಂದ ಇಲ್ಲಿ ಆ ಅಕ್ಷರಗಳನ್ನು ಅವುಗಳ ಹೆಸರುಗಳಿಂದಲೇ ಹೇಳಲಾಗುವುದು; ಕೇಳುಗರು ಅವುಗಳನ್ನು ಇಂಗ್ಲಿಷ್ ವರ್ಣಮಾಲೆಯ ದೊಡ್ಡಕ್ಷರಗಳಾಗಿ ಕಾಗದದ ಮೇಲೆ ಬರೆದುಕೊಳ್ಳುತ್ತ ಹೋದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಒಂದು ನೇರ ಗೆರೆಯಾದ ‘ಐ’ ಎಂಬುದು 1, ‘ವಿ’ ಎಂಬುದು 5, ‘ಎಕ್ಸ್’ ಎಂಬುದು 10, ‘ಎಲ್’ ಎಂಬುದು 50, ‘ಸಿ’ ಎಂಬುದು 100, ‘ಡಿ’ ಎಂಬುದು 500, ‘ಎಂ’ ಎಂಬುದು 1000. ಈ ಚಿಹ್ನೆಗಳು ಮೊದಲಿನಿಂದಲೂ ಅಕ್ಷರಗಳೇ ಆಗಿರಲಿಲ್ಲ; ಎಟ್ರುಸ್ಕರು ಮತ್ತು ಇಟಲಿಯ ಇತರ ಜನರು ಎಣಿಕೆಗಾಗಿ ಹಾಕುತ್ತಿದ್ದ ಗೀರುಗಳು ಮತ್ತು ಗುರುತುಗಳು ಕ್ರಮೇಣ ತಮ್ಮ ರೂಪಕ್ಕೆ ಹತ್ತಿರವಾದ ಅಕ್ಷರಗಳೊಂದಿಗೆ ಬೆರೆತುಹೋದವು. ಸಾವಿರಕ್ಕೆ ನಡುವೆ ಗೆರೆಯೆಳೆದ ಒಂದು ವೃತ್ತದಂಥ ಗುರುತು ಇತ್ತು, ಅದರ ಬಲಗಡೆಯ ಅರ್ಧವೇ 500ರ ‘ಡಿ’ ಆಯಿತು. ಲ್ಯಾಟಿನ್ ಭಾಷೆಯಲ್ಲಿ ನೂರಕ್ಕೆ ಮತ್ತು ಸಾವಿರಕ್ಕೆ ಇರುವ ಪದಗಳು ‘ಸಿ’ ಮತ್ತು ‘ಎಂ’ ಅಕ್ಷರಗಳಿಂದ ಆರಂಭವಾಗುವುದರಿಂದ ಆ ಎರಡು ಅಕ್ಷರಗಳು ಆ ಬೆಲೆಗಳಲ್ಲಿ ನೆಲೆನಿಲ್ಲುವುದಕ್ಕೆ ಅನುಕೂಲವಾಯಿತು. ಒಂದು, ಐದು, ಹತ್ತು ಎಂಬ ಮೆಟ್ಟಿಲುಗಳಿಗೆ ಮನುಷ್ಯನ ಕೈಬೆರಳುಗಳೇ ಆಧಾರವೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಏಳು ಬೆಲೆಗಳಲ್ಲಿ ಸಾವಿರವನ್ನು ಬಿಟ್ಟು ಉಳಿದ ಆರು ಬೆಲೆಗಳು ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುವ ರೂಪಾಯಿಯ ನಾಣ್ಯ ಮತ್ತು ನೋಟುಗಳಲ್ಲಿಯೂ ಇವೆ, ಮತ್ತು ರೋಮನ್ ಸಂಖ್ಯೆಯ ಮೂಲನಿಯಮವೂ ಹಣ ಎಣಿಸುವ ನಿಯಮವೇ ಆಗಿದೆ. ದೊಡ್ಡ ನೋಟುಗಳನ್ನು ಮೊದಲು ಇಟ್ಟು, ಚಿಕ್ಕವುಗಳನ್ನು ಆಮೇಲೆ ಇಟ್ಟು, ಎಲ್ಲವನ್ನೂ ಕೂಡಿದರೆ ಮೊತ್ತ ಸಿಗುವಂತೆ, ದೊಡ್ಡ ಬೆಲೆಯ ಅಕ್ಷರಗಳನ್ನು ಎಡಗಡೆಗೆ ಬರೆದು ಚಿಕ್ಕ ಬೆಲೆಯವನ್ನು ಬಲಗಡೆಗೆ ಬರೆದಾಗ ಅವೆಲ್ಲವನ್ನೂ ಕೂಡಬೇಕು. ಗ್ಯಾಸೆಟಿಯರಿನ ಸಂಪುಟಸಂಖ್ಯೆಯಾದ ‘ಎಕ್ಸ್-ಎಕ್ಸ್-ಐ-ಐ’ ಎಂಬುದು ಹತ್ತು, ಹತ್ತು, ಒಂದು, ಒಂದು ಕೂಡಿ 22 ಆಗುತ್ತದೆ. ಇದು ಸಂಕಲನದ ನಿಯಮ, ಅಂದರೆ ಕೂಡುವ ನಿಯಮ. ಎರಡನೆಯದು ವ್ಯವಕಲನದ ನಿಯಮ, ಅಂದರೆ ಕಳೆಯುವ ನಿಯಮ: ಚಿಕ್ಕ ಬೆಲೆಯ ಅಕ್ಷರವೊಂದು ದೊಡ್ಡ ಬೆಲೆಯ ಅಕ್ಷರದ ಎಡಗಡೆಗೆ ಬಂದರೆ ಚಿಕ್ಕದನ್ನು ದೊಡ್ಡದರಿಂದ ಕಳೆಯಬೇಕು. ಒಂಬತ್ತು ರೂಪಾಯಿ ಕೊಡಬೇಕಾದಾಗ ಹತ್ತರ ನೋಟು ಕೊಟ್ಟು ಒಂದು ರೂಪಾಯಿ ಚಿಲ್ಲರೆ ಹಿಂದಕ್ಕೆ ಪಡೆಯುವುದು ಹೇಗೋ, ‘ಐ-ಎಕ್ಸ್’ ಎಂಬ ಬರಹವೂ ಹಾಗೆಯೇ ಹತ್ತರಲ್ಲಿ ಒಂದು ಕಳೆದು 9 ಎಂದು ಹೇಳುತ್ತದೆ.

ಕಳೆಯುವ ನಿಯಮಕ್ಕೆ ಕೆಲವು ಕಟ್ಟುಪಾಡುಗಳಿವೆ, ಮತ್ತು ತಪ್ಪುಗಳು ಹೆಚ್ಚಾಗಿ ಆಗುವುದು ಇವುಗಳನ್ನು ಮರೆತಾಗಲೇ. ಕಳೆಯುವುದಕ್ಕೆ ‘ಐ’, ‘ಎಕ್ಸ್’, ‘ಸಿ’ ಎಂಬ ಮೂರೇ ಅಕ್ಷರಗಳು ಬರುತ್ತವೆ. ‘ವಿ’, ‘ಎಲ್’, ‘ಡಿ’ ಎಂಬ ಐದರ ಗುಂಪಿನ ಅಕ್ಷರಗಳನ್ನು ಎಂದಿಗೂ ಕಳೆಯುವುದಿಲ್ಲ, ಒಂದರ ಮುಂದೊಂದು ಎರಡು ಸಲ ಬರೆಯುವುದೂ ಇಲ್ಲ. ‘ಐ’ಯನ್ನು 5 ಮತ್ತು 10ರಿಂದ ಮಾತ್ರ, ‘ಎಕ್ಸ್’ಅನ್ನು 50 ಮತ್ತು 100ರಿಂದ ಮಾತ್ರ, ‘ಸಿ’ಯನ್ನು 500 ಮತ್ತು 1000ದಿಂದ ಮಾತ್ರ ಕಳೆಯಬಹುದು. ಆದುದರಿಂದ 49ನ್ನು ‘ಐ-ಎಲ್’ ಎಂದು ಬರೆಯುವಂತಿಲ್ಲ, ‘ಎಕ್ಸ್-ಎಲ್-ಐ-ಎಕ್ಸ್’ ಎಂದು ಬರೆಯಬೇಕು. 99ನ್ನು ‘ಐ-ಸಿ’ ಎಂದು ಬರೆಯುವಂತಿಲ್ಲ, ‘ಎಕ್ಸ್-ಸಿ-ಐ-ಎಕ್ಸ್’ ಎಂದು ಬರೆಯಬೇಕು. ‘ಐ’, ‘ಎಕ್ಸ್’, ‘ಸಿ’, ‘ಎಂ’ ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಮೂರು ಸಲಕ್ಕಿಂತ ಹೆಚ್ಚು ಬರೆಯುವುದಿಲ್ಲವೆಂಬುದು ಇಂದಿನ ರೂಢಿ, ಮತ್ತು ಆ ರೂಢಿಯ ಪ್ರಕಾರ ಬೇರೆ ಗುರುತುಗಳ ನೆರವಿಲ್ಲದೆ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 3999.

ದೀರ್ಘವಾದ ರೋಮನ್ ಸಂಖ್ಯೆಯನ್ನು ತಪ್ಪಿಲ್ಲದೆ ಓದುವುದಕ್ಕೆ ಬಲಗಡೆಯಿಂದ ಎಡಗಡೆಗೆ ಸಾಗುವ ಕ್ರಮ ಬಹಳ ಸಹಾಯಕವಾಗಿದೆ. ಕೊನೆಯ ಅಕ್ಷರದ ಬೆಲೆಯನ್ನು ಹಿಡಿದುಕೊಂಡು, ಎಡಗಡೆಗೆ ಒಂದೊಂದೇ ಹೆಜ್ಜೆ ಸರಿಯುತ್ತ, ಬಂದ ಅಕ್ಷರವು ತನ್ನ ಬಲಗಡೆಯ ಅಕ್ಷರಕ್ಕೆ ಸಮವಾಗಿದ್ದರೆ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಕೂಡುವುದು, ಚಿಕ್ಕದಾಗಿದ್ದರೆ ಕಳೆಯುವುದು ಇಷ್ಟೇ ಆ ಕ್ರಮ. ಹಾವೇರಿ ಜಿಲ್ಲೆಯು ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ರಚನೆಯಾದ ವರ್ಷವನ್ನು ರೋಮನ್ ಅಂಕಿಗಳಲ್ಲಿ ‘ಎಂ-ಸಿ-ಎಂ-ಎಕ್ಸ್-ಸಿ-ವಿ-ಐ-ಐ’ ಎಂದು ಬರೆಯಬೇಕಾಗುತ್ತದೆ. ಬಲದಿಂದ ಹೊರಟರೆ ಎರಡು ‘ಐ’ ಸೇರಿ 2, ‘ವಿ’ ಸೇರಿ 7, ‘ಸಿ’ ಸೇರಿ 107, ಮುಂದಿನ ‘ಎಕ್ಸ್’ ತನ್ನ ಬಲಗಡೆಯ ‘ಸಿ’ಗಿಂತ ಚಿಕ್ಕದಾದ್ದರಿಂದ ಹತ್ತು ಕಳೆದು 97, ‘ಎಂ’ ಸೇರಿ 1097, ಮತ್ತೆ ಬರುವ ‘ಸಿ’ಯು ‘ಎಂ’ಗಿಂತ ಚಿಕ್ಕದಾದ್ದರಿಂದ ನೂರು ಕಳೆದು 997, ಕಡೆಯ ‘ಎಂ’ ಸೇರಿ 1997. ಎಷ್ಟೇ ಉದ್ದದ ಸಂಖ್ಯೆಯಾದರೂ ಈ ಕ್ರಮ ಬದಲಾಗುವುದಿಲ್ಲ.

ಬರೆಯುವ ಕ್ರಮ ಇದಕ್ಕೆ ತಿರುವುಮುರುವಾದುದು. ಬರೆಯಬೇಕಾದ ಸಂಖ್ಯೆಯನ್ನು ಸಾವಿರ, ನೂರು, ಹತ್ತು, ಬಿಡಿ ಎಂಬ ಸ್ಥಾನಗಳಾಗಿ ಬಿಡಿಸಿಕೊಂಡು, ಪ್ರತಿಯೊಂದು ಸ್ಥಾನವನ್ನೂ ಪ್ರತ್ಯೇಕವಾಗಿ ಅಕ್ಷರಗಳಿಗೆ ತಿರುಗಿಸಿ, ಎಡದಿಂದ ಬಲಕ್ಕೆ ಜೋಡಿಸಬೇಕು. ಬಿಡಿಸ್ಥಾನದ ಒಂಬತ್ತು ರೂಪಗಳನ್ನು ಕಲಿತವರಿಗೆ ಉಳಿದ ಸ್ಥಾನಗಳ ರೂಪಗಳು ತಾವಾಗಿಯೇ ಬರುತ್ತವೆ, ಏಕೆಂದರೆ ಒಂದು, ಐದು, ಹತ್ತರ ಜಾಗದಲ್ಲಿ ಹತ್ತು, ಐವತ್ತು, ನೂರರ ಅಕ್ಷರಗಳನ್ನು ಇಟ್ಟರೆ ಹತ್ತರ ಸ್ಥಾನವೂ, ನೂರು, ಐನೂರು, ಸಾವಿರದ ಅಕ್ಷರಗಳನ್ನು ಇಟ್ಟರೆ ನೂರರ ಸ್ಥಾನವೂ ಸಿದ್ಧವಾಗುತ್ತವೆ. ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದ 1196ನ್ನು ತೆಗೆದುಕೊಂಡರೆ, ಸಾವಿರಕ್ಕೆ ‘ಎಂ’, ನೂರಕ್ಕೆ ‘ಸಿ’, ತೊಂಬತ್ತಕ್ಕೆ ‘ಎಕ್ಸ್-ಸಿ’, ಆರಕ್ಕೆ ‘ವಿ-ಐ’ ಸೇರಿ ‘ಎಂ-ಸಿ-ಎಕ್ಸ್-ಸಿ-ವಿ-ಐ’ ಆಗುತ್ತದೆ. ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿಯೆಂದು ಕರೆಯುತ್ತಾರೆ. ಆ ಅರವತ್ತು ‘ಎಲ್-ಎಕ್ಸ್’ ಎಂಬ ಎರಡೇ ಅಕ್ಷರಗಳಲ್ಲಿ ಮುಗಿಯುತ್ತದೆ.

ಈ ಅಭ್ಯಾಸಕ್ಕೆ ಹಾನಗಲ್ಲು ನಾಡಿನ ಶಾಸನಗಳೇ ಸೊಗಸಾದ ಸಂಖ್ಯೆಗಳನ್ನು ಒದಗಿಸುತ್ತವೆ. ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ಆಡಳಿತ ವಿಭಾಗಗಳ ಹೆಸರಿನ ಜೊತೆಗೆ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಅದು ಊರುಗಳ ಲೆಕ್ಕವೋ ಕಂದಾಯಕ್ಕೆ ಸಂಬಂಧಿಸಿದ ಲೆಕ್ಕವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆಯಾದರೂ ಆ ಸಂಖ್ಯೆ ವಿಭಾಗದ ಹೆಸರಿನಿಂದ ಬೇರ್ಪಡದ ಅಂಗವಾಗಿ ಉಳಿದಿದೆ. ಹಾನಗಲ್ಲು ಕದಂಬರು ಆಳಿದ ಪಾನುಂಗಲ್ಲು ಐನೂರು ರೋಮನ್ ಬರಹದಲ್ಲಿ ಕೇವಲ ಒಂದು ಅಕ್ಷರ, ‘ಡಿ’. ಸವಣೂರಿನ ನೆರೆಯ ಲಕ್ಷ್ಮೇಶ್ವರವೇ ಕೇಂದ್ರವಾಗಿದ್ದ ಪುಲಿಗೆರೆ ಮುನ್ನೂರು ‘ಸಿ-ಸಿ-ಸಿ’. ಅಬಲೂರು ಸೇರಿದ್ದ ನಾಗರಖಂಡ ಎಪ್ಪತ್ತು ‘ಎಲ್-ಎಕ್ಸ್-ಎಕ್ಸ್’. ಬಾಸವೂರು ನೂರನಾಲ್ವತ್ತು ‘ಸಿ-ಎಕ್ಸ್-ಎಲ್’; ಇಲ್ಲಿ ‘ಎಕ್ಸ್’ ಐವತ್ತರ ಹಿಂದೆ ನಿಂತು ನಲವತ್ತನ್ನು ಮಾಡುತ್ತದೆ. ಇವೆಲ್ಲಕ್ಕೂ ಹಿರಿದಾದ ಬನವಾಸಿ ಹನ್ನೆರಡು ಸಾವಿರಕ್ಕೆ ಬಂದಾಗ ಏಳು ಅಕ್ಷರಗಳ ಶಕ್ತಿ ಮುಗಿಯುತ್ತದೆ, ಏಕೆಂದರೆ ಹನ್ನೆರಡು ‘ಎಂ’ಗಳನ್ನು ಸಾಲಾಗಿ ಬರೆದರೆ ಕಣ್ಣು ಎಣಿಸಲಾರದು, ಆದುದರಿಂದ ‘ಎಕ್ಸ್-ಐ-ಐ’ ಎಂದು ಹನ್ನೆರಡನ್ನು ಬರೆದು, ಅದರ ತಲೆಯ ಮೇಲೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಆ ಗೆರೆಯ ಅರ್ಥ ‘ಸಾವಿರದಿಂದ ಗುಣಿಸು’ ಎಂದು.

ಈ ಬರಹದಲ್ಲಿ ಅಕ್ಷರಗಳ ಹಿಂದುಮುಂದೂ ಒಂದೇ ಒಂದು ಗೀರಿನ ಹೆಚ್ಚುಕಡಿಮೆಯೂ ಓದುಗನನ್ನು ಎಷ್ಟು ದೂರ ಒಯ್ಯಬಲ್ಲವೆಂಬುದನ್ನು ಶಾಸನ ಸಂಪುಟಗಳೇ ತೋರಿಸುತ್ತವೆ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ‘ಐ-ಎಕ್ಸ್’ ಎಂಬ ಒಂಬತ್ತನೆಯ ಸಂಪುಟದಲ್ಲಿರುವುದು ಅಂದಿನ ಮದ್ರಾಸು ಪ್ರಾಂತದ ಕನ್ನಡ ಶಾಸನಗಳು, ಅಂದರೆ ಬಳ್ಳಾರಿಯ ಕಡೆಯ ಸಾಮಗ್ರಿ. ‘ಎಕ್ಸ್-ಐ’ ಎಂಬ ಹನ್ನೊಂದನೆಯದರಲ್ಲಿರುವುದು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಸನಗಳು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ‘ವಿ-ಐ-ಐ’ ಎಂಬ ಏಳನೆಯ ಸಂಪುಟದಲ್ಲಿ ಹಿರೇಕೆರೂರಿನ ನೆರೆಯ ಶಿಕಾರಿಪುರ ತಾಲೂಕಿನ ಶಾಸನಗಳಿವೆ, ತಾಳಗುಂದದ ಸ್ತಂಭಶಾಸನವೂ ಬಳ್ಳಿಗಾವೆಯ ಶಾಸನಗಳೂ ಅಲ್ಲಿಯೇ ಇವೆ. ಒಂದು ಗೀರು ಹೆಚ್ಚಾದ ‘ವಿ-ಐ-ಐ-ಐ’ ಎಂಬ ಎಂಟನೆಯದರಲ್ಲಿರುವುದು ಸೊರಬ, ಸಾಗರ ಮುಂತಾದ ತಾಲೂಕುಗಳವು. ಹಾನಗಲ್ಲು ಮತ್ತು ಹಿರೇಕೆರೂರಿನ ಇತಿಹಾಸಕ್ಕೆ ಈ ಎರಡೂ ಸಂಪುಟಗಳು ಬೇಕಾದರೂ, ಒಂದರಲ್ಲಿ ಹುಡುಕಬೇಕಾದುದನ್ನು ಇನ್ನೊಂದರಲ್ಲಿ ಹುಡುಕಿದರೆ ದಿನವೆಲ್ಲ ವ್ಯರ್ಥವಾಗುತ್ತದೆ. ಮೈಸೂರು ವಿಶ್ವವಿದ್ಯಾಲಯವು ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಜಿಲ್ಲೆಗಳ ಹಂಚಿಕೆ ಬೇರೆಯಾಗಿರುವುದರಿಂದ ಸಂಪುಟದ ಅಂಕಿಯ ಜೊತೆಗೆ ಆವೃತ್ತಿಯನ್ನೂ ಗಮನಿಸಬೇಕು. ಈ ಗ್ರಂಥಗಳ ಮುನ್ನುಡಿ ಮತ್ತು ಪೀಠಿಕೆಯ ಪುಟಗಳಿಗೆ ಚಿಕ್ಕಕ್ಷರದ ರೋಮನ್ ಅಂಕಿಗಳನ್ನೂ ಮೂಲಪಾಠದ ಪುಟಗಳಿಗೆ ಸಾಮಾನ್ಯ ಅಂಕಿಗಳನ್ನೂ ಕೊಡುವುದು ವಾಡಿಕೆಯಾಗಿದ್ದು, ಪೀಠಿಕೆಯ ಹದಿನಾಲ್ಕನೆಯ ಪುಟವೂ ಪಾಠದ ಹದಿನಾಲ್ಕನೆಯ ಪುಟವೂ ಬೇರೆ ಬೇರೆಯೆಂಬುದು ಅಂಕಿಯ ರೂಪದಿಂದಲೇ ತಿಳಿಯುತ್ತದೆ.

ಅರಸರ ಹೆಸರುಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಶಾಸನಗಳಲ್ಲಿ ಯಾವ ಚಾಲುಕ್ಯ ಚಕ್ರವರ್ತಿಯೂ ತನ್ನನ್ನು ಆರನೆಯ ವಿಕ್ರಮಾದಿತ್ಯನೆಂದು ಕರೆದುಕೊಂಡಿಲ್ಲ. ಒಂದೇ ಹೆಸರಿನ ಅರಸರನ್ನು ಬೇರ್ಪಡಿಸುವುದಕ್ಕಾಗಿ ಆಧುನಿಕ ಚರಿತ್ರಕಾರರು ಯೂರೋಪಿನ ರಾಜವಂಶಗಳ ಮಾದರಿಯಲ್ಲಿ ಹೆಸರಿನ ಮುಂದೆ ರೋಮನ್ ಅಂಕಿಗಳನ್ನು ಹಚ್ಚಿದರು. ಬಾದಾಮಿಯ ಚಾಲುಕ್ಯರಿಂದ ಎಣಿಕೆಯನ್ನು ಆರಂಭಿಸಿ ಕಲ್ಯಾಣದ ಚಾಲುಕ್ಯರವರೆಗೆ ಮುಂದುವರಿಸಿದ್ದರಿಂದಲೇ 1076ರಲ್ಲಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯನಿಗೆ ‘ವಿ-ಐ’ ಎಂಬ ಅಂಕಿ ದೊರೆಯಿತು. ಈ ಎರಡು ಅಕ್ಷರಗಳನ್ನು ‘ಐ-ವಿ’ ಎಂದು ಹಿಂದುಮುಂದು ಮಾಡಿದರೆ ಆ ಪ್ರಸಿದ್ಧ ಚಕ್ರವರ್ತಿಯ ಜಾಗದಲ್ಲಿ ಒಂದು ಶತಮಾನ ಹಿಂದಿನ, ಇಮ್ಮಡಿ ತೈಲಪನ ತಂದೆಯಾದ ನಾಲ್ಕನೆಯ ವಿಕ್ರಮಾದಿತ್ಯನು ಬಂದು ನಿಲ್ಲುತ್ತಾನೆ. ಕನ್ನಡದಲ್ಲಿ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಸಹಜವಾದ ರೂಪಗಳಿರುವುದರಿಂದ, ಆಕರಗ್ರಂಥದ ರೋಮನ್ ಅಂಕಿಯನ್ನು ಸರಿಯಾಗಿ ಓದಿ ಕನ್ನಡದ ಬರಹದಲ್ಲಿ ಈ ರೂಪಗಳನ್ನು ಬಳಸುವುದು ಯುಕ್ತವಾದ ಮಾರ್ಗ.

ಇಲ್ಲಿಯವರೆಗೆ ಹೇಳಿದ ನಿಯಮಗಳು ಮುದ್ರಣಯುಗದಲ್ಲಿ ಸ್ಥಿರಗೊಂಡವು. ರೋಮನ್ನರ ಕಾಲದಲ್ಲಿ ಅವು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ರೋಮ್ ನಗರದ ಕೊಲೋಸಿಯಮ್ ಎಂಬ ಮಹಾರಂಗಸ್ಥಳದ ನಲವತ್ತನಾಲ್ಕನೆಯ ಬಾಗಿಲಿನ ಮೇಲೆ ‘ಎಕ್ಸ್-ಎಲ್’ ಎಂದು ನಲವತ್ತನ್ನು ಕಳೆಯುವ ನಿಯಮದಿಂದಲೂ, ಅದರ ಮುಂದೆ ನಾಲ್ಕು ‘ಐ’ಗಳೆಂದು ನಾಲ್ಕನ್ನು ಕೂಡುವ ನಿಯಮದಿಂದಲೂ ಕೆತ್ತಲಾಗಿದೆ. ರೋಮನ್ ಸೈನ್ಯದ ಹದಿನೆಂಟನೆಯ ದಳಕ್ಕೆ ಸೇರಿದ ಮಾರ್ಕುಸ್ ಕೇಲಿಯುಸ್ ಎಂಬ ಸೇನಾಧಿಕಾರಿಯ ಸ್ಮಾರಕಶಿಲೆಯಲ್ಲಿ ಹದಿನೆಂಟನ್ನು ‘ಎಕ್ಸ್-ಐ-ಐ-ಎಕ್ಸ್’ ಎಂದು, ಇಪ್ಪತ್ತಕ್ಕೆ ಎರಡು ಕಡಿಮೆಯೆಂಬ ಅರ್ಥದಲ್ಲಿ ಬರೆಯಲಾಗಿದೆ. ಗೋಡೆ ಗಡಿಯಾರಗಳ ಮುಖದ ಮೇಲೆ ನಾಲ್ಕು ಗಂಟೆಗೆ ನಾಲ್ಕು ಗೀರುಗಳು ಕಾಣುವುದೂ ಆ ಹಳೆಯ ರೂಢಿಯ ಮುಂದುವರಿಕೆಯೇ. ಹಳೆಯ ಕಲ್ಲಿನ ಮೇಲೆ ಇಂಥ ರೂಪ ಕಂಡಾಗ ಅದನ್ನು ತಪ್ಪೆಂದು ತಳ್ಳಿಹಾಕದೆ ಆ ಕಾಲದ ಬಳಕೆಯೆಂದು ತಿಳಿಯಬೇಕು. ಹಳಗನ್ನಡ ಶಾಸನವನ್ನು ಇಂದಿನ ಕಾಗುಣಿತದಿಂದ ಅಳೆಯಬಾರದೆಂಬ ವಿವೇಕವೇ ಇಲ್ಲಿಯೂ ಸಲ್ಲುತ್ತದೆ.

ರೋಮನ್ ಬರಹದ ದೊಡ್ಡ ಕೊರತೆಯೆಂದರೆ ಅದು ಸಂಖ್ಯೆಯನ್ನು ದಾಖಲಿಸುತ್ತದೆಯೇ ಹೊರತು ಲೆಕ್ಕ ಮಾಡುವುದಕ್ಕೆ ಒದಗುವುದಿಲ್ಲ. ಅದರಲ್ಲಿ ಸೊನ್ನೆಯಿಲ್ಲ, ಮತ್ತು ಅಕ್ಷರದ ಬೆಲೆ ಅದು ನಿಂತ ಸ್ಥಾನದಿಂದ ಹತ್ತುಪಟ್ಟು ನೂರುಪಟ್ಟು ಆಗುವುದಿಲ್ಲ. ಆದ್ದರಿಂದ ಸಂಖ್ಯೆಯ ಉದ್ದಕ್ಕೂ ಅದರ ಬೆಲೆಗೂ ಹೊಂದಿಕೆಯಿಲ್ಲದೆ 1888ಕ್ಕೆ ಹದಿಮೂರು ಅಕ್ಷರಗಳು ಬೇಕಾದರೆ 2000ಕ್ಕೆ ಎರಡೇ ಸಾಕಾಗುತ್ತವೆ. ಗುಣಾಕಾರ ಭಾಗಾಕಾರಗಳನ್ನು ರೋಮನ್ನರು ಮಣಿಚೌಕಟ್ಟಿನ ಮೇಲೆ ಅಥವಾ ಗೆರೆಹಾಕಿದ ಹಲಗೆಯ ಮೇಲೆ ಹರಳುಗಳನ್ನು ಸರಿಸಿ ಮಾಡಿ, ಉತ್ತರವನ್ನಷ್ಟೇ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಭಾರತದಲ್ಲಿ ಬೆಳೆದ ಸ್ಥಾನಬೆಲೆಯ ಪದ್ಧತಿ, ಅಂದರೆ ಒಂಬತ್ತು ಅಂಕಿಗಳೂ ಒಂದು ಸೊನ್ನೆಯೂ ಸೇರಿ ಎಂಥ ಸಂಖ್ಯೆಯನ್ನಾದರೂ ಬರೆಯುವ ಪದ್ಧತಿ, ಈ ಎರಡು ಕೆಲಸಗಳನ್ನು ಒಂದುಗೂಡಿಸಿತು. 662ರ ಹೊತ್ತಿಗೆ ಸಿರಿಯಾದ ವಿದ್ವಾಂಸ ಸೆವೆರಸ್ ಸೆಬೊಖ್ತ್ ಭಾರತೀಯರು ಒಂಬತ್ತು ಚಿಹ್ನೆಗಳಿಂದ ಲೆಕ್ಕ ಮಾಡುವುದನ್ನು ಮೆಚ್ಚಿ ಬರೆದಿದ್ದನು. 876ರ ಗ್ವಾಲಿಯರ್ ಶಾಸನದಲ್ಲಿ ಸೊನ್ನೆಯ ಗುರುತು ಸ್ಪಷ್ಟವಾಗಿ ಕೆತ್ತಲ್ಪಟ್ಟಿದೆ.

ಈ ಕಥೆಯಲ್ಲಿ ಹಾನಗಲ್ಲು ನಾಡಿಗೂ ಒಂದು ಸಂಬಂಧವಿದೆ. ಅದೇ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿ ಸೊನ್ನೆಯೊಡನೆ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದನು, ಆ ಅಮೋಘವರ್ಷನ ಸೇನಾನಿಯಾಗಿ ಬನವಾಸಿ ಹನ್ನೆರಡು ಸಾವಿರವನ್ನು ಆಳಿದ ಬಂಕೆಯನ ಹೆಸರಿನಿಂದಲೇ ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದಿತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದು ಗಣಿತವನ್ನು ದೇಶಭಾಷೆಯ ಓದುಗರ ಕೈಗೆ ಕೊಟ್ಟನು. ಯೂರೋಪಿನಲ್ಲಿ ಲಿಯೊನಾರ್ಡೊ ಫಿಬೊನಾಚಿ 1202ರ ತನ್ನ ‘ಲಿಬೆರ್ ಅಬಾಚಿ’ ಗ್ರಂಥದಲ್ಲಿ ಈ ಭಾರತೀಯ ಅಂಕಿಗಳನ್ನು ಲ್ಯಾಟಿನ್ ಓದುಗರಿಗೆ ವಿವರಿಸಿದಾಗಲೂ ಹಳೆಯ ಅಭ್ಯಾಸ ಕೂಡಲೇ ಅಳಿಯಲಿಲ್ಲ. 1299ರಲ್ಲಿ ಫ್ಲಾರೆನ್ಸ್ ನಗರದ ಹಣವಿನಿಮಯದವರ ಸಂಘವು ತನ್ನ ಲೆಕ್ಕದ ಪುಸ್ತಕಗಳಲ್ಲಿ ಹೊಸ ಅಂಕಿಗಳ ಬಳಕೆಯನ್ನು ನಿಷೇಧಿಸಿತು. ಕೊನೆಗೆ ಲೆಕ್ಕದ ಕೆಲಸವೆಲ್ಲ ಭಾರತೀಯ ಅಂಕಿಗಳಿಗೆ ಸೇರಿ, ರೋಮನ್ ಅಂಕಿಗಳಿಗೆ ಕ್ರಮಾಂಕ ಸೂಚಿಸುವ ಕೆಲಸವಷ್ಟೇ ಉಳಿಯಿತು.

ಸಂಪುಟವನ್ನು ಹುಡುಕಿ ತೆರೆದ ಓದುಗನಿಗೆ ಮುಂದೆ ಎದುರಾಗುವುದು ಇನ್ನೊಂದು ಪರಿವರ್ತನೆ, ಅದು ಶಾಸನದೊಳಗಿನ ಕಾಲಗಣನೆಯದು. ಕನ್ನಡ ಶಾಸನಗಳಲ್ಲಿ ಶಕವರ್ಷವನ್ನು ಕೆಲವು ಕಡೆ ಪದಗಳಲ್ಲಿಯೂ, ಹನ್ನೊಂದು-ಹನ್ನೆರಡನೆಯ ಶತಮಾನಗಳ ಹೊತ್ತಿಗೆ ಸಾಮಾನ್ಯವಾಗಿ ಕನ್ನಡ ಅಂಕಿಗಳಲ್ಲಿಯೂ ಬರೆದಿರುತ್ತಾರೆ. ಶಕವರ್ಷದ ಆರಂಭ ಕ್ರಿ.ಶ. 78ರಲ್ಲಾದುದರಿಂದ, ಕಳೆದ ಶಕವರ್ಷಕ್ಕೆ 78ನ್ನು ಕೂಡಿದರೆ ಕ್ರಿಸ್ತಶಕದ ವರ್ಷ ದೊರೆಯುತ್ತದೆ. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾಗಿದ್ದರೆ 79ನ್ನು ಕೂಡಬೇಕು. ಮೊದಲನೆಯ ಪುಲಕೇಶಿಯ ಬಾದಾಮಿ ಬಂಡೆಶಾಸನದಲ್ಲಿರುವ ಶಕ 465ಕ್ಕೆ 78 ಸೇರಿ 543 ಆಗುತ್ತದೆ. ರೋಮನ್ ಬರಹದಲ್ಲಿ 465 ಎಂಬುದು ‘ಸಿ-ಡಿ-ಎಲ್-ಎಕ್ಸ್-ವಿ’, 543 ಎಂಬುದು ‘ಡಿ-ಎಕ್ಸ್-ಎಲ್-ಐ-ಐ-ಐ’. ಆರನೆಯ ವಿಕ್ರಮಾದಿತ್ಯನು ಶಕವನ್ನು ಬದಿಗಿಟ್ಟು ತನ್ನ ಪಟ್ಟಾಭಿಷೇಕದ ವರ್ಷದಿಂದ ಆರಂಭಿಸಿದ ಚಾಲುಕ್ಯ ವಿಕ್ರಮವರ್ಷವು ಶಾಸನದಲ್ಲಿ ಬಂದರೆ, ಆ ಸಂಖ್ಯೆಗೆ 1075ನ್ನು ಕೂಡಬೇಕು. ವರ್ಷದ ಜೊತೆಗೆ ಬರುವ ಸಂವತ್ಸರದ ಹೆಸರು ಅರವತ್ತರ ಚಕ್ರದಲ್ಲಿ ಸರಿಯಾಗಿ ಕೂಡುತ್ತದೆಯೇ ಎಂದು ನೋಡಿದರೆ ಉತ್ತರವನ್ನು ತಾಳೆಹಾಕಿದಂತಾಗುತ್ತದೆ.

ಅಕ್ಷರಗಳಿಗೂ ಪದಗಳಿಗೂ ಸಂಖ್ಯೆಯ ಬೆಲೆ ಕೊಡುವ ರೂಢಿ ರೋಮನ್ನರಲ್ಲಿ ಮಾತ್ರವಿರಲಿಲ್ಲ, ಮತ್ತು ಅವುಗಳ ಹೋಲಿಕೆಯಿಂದ ರೋಮನ್ ಪದ್ಧತಿಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ನವಾಬರ ರಾಜಧಾನಿಯಾಗಿದ್ದ ಸವಣೂರಿನಂಥ ಊರುಗಳ ದರಬಾರುಗಳಲ್ಲಿ ಬಳಕೆಯಲ್ಲಿದ್ದ ಫಾರಸಿ ಬರಹದಲ್ಲಿ ಅಬ್ಜದ್ ಎಂಬ ಕ್ರಮವಿದೆ. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದರಿಂದ ಸಾವಿರದವರೆಗೆ ಒಂದು ಬೆಲೆಯಿದ್ದು, ಒಂದು ನುಡಿಯ ಅಕ್ಷರಗಳ ಬೆಲೆಗಳನ್ನೆಲ್ಲ ಕೂಡಿದರೆ ಹಿಜರಿ ವರ್ಷ ಬರುವಂತೆ ರಚಿಸುತ್ತಾರೆ, ಮತ್ತು ಕೂಡುವುದಷ್ಟೇ ಇರುವುದರಿಂದ ಅಕ್ಷರಗಳ ಕ್ರಮಕ್ಕೆ ಅಲ್ಲಿ ಬೆಲೆಯಿಲ್ಲ. ಹಿಜರಿಯು ಸುಮಾರು 354 ದಿನಗಳ ಚಾಂದ್ರವರ್ಷವಾದ್ದರಿಂದ ಅದನ್ನು ಕ್ರಿಸ್ತಶಕಕ್ಕೆ ತಿರುಗಿಸಲು ಶಕವರ್ಷದಂತೆ ಒಂದು ಸ್ಥಿರಸಂಖ್ಯೆಯನ್ನು ಕೂಡಿದರೆ ಸಾಲದು. ಸಂಸ್ಕೃತ ಮತ್ತು ಕನ್ನಡದ ಪದ್ಯಗಳಲ್ಲಿ ಬರುವ ಭೂತಸಂಖ್ಯೆಯಲ್ಲಾದರೋ ಬಾಣವೆಂದರೆ 5, ರಸವೆಂದರೆ 6, ವೇದವೆಂದರೆ 4. ಅವುಗಳನ್ನು ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಇಡುವ ನಿಯಮವಿರುವುದರಿಂದ ಬಾಣ-ರಸ-ವೇದ ಎಂದು ಬರೆದರೆ 465 ಎಂದು ಓದಬೇಕು. ಅಬ್ಜದ್‌ನಲ್ಲಿ ಕ್ರಮಕ್ಕೆ ಅರ್ಥವೇ ಇಲ್ಲ, ಭೂತಸಂಖ್ಯೆಯಲ್ಲಿ ಕ್ರಮವೇ ಸರ್ವಸ್ವ. ಕೂಡುವ ಜಾಗ ಯಾವುದು, ಕಳೆಯುವ ಜಾಗ ಯಾವುದು ಎಂದು ಹೇಳುವಷ್ಟಕ್ಕೆ ಮಾತ್ರ ಕ್ರಮವನ್ನು ಬಳಸುವ ರೋಮನ್ ಪದ್ಧತಿಯು ಇವೆರಡರ ನಡುವೆ ನಿಲ್ಲುತ್ತದೆ.

ಗ್ರಂಥಾಲಯದ ಹೊರಗೂ ಈ ಅಂಕಿಗಳ ಅಗತ್ಯವಿದೆ. ಭಾರತದ ಸಂವಿಧಾನದ ಭಾಗಗಳು ರೋಮನ್ ಅಂಕಿಗಳಲ್ಲಿಯೇ ಗುರುತಿಸಲ್ಪಟ್ಟಿವೆ: ಮೂಲಭೂತ ಹಕ್ಕುಗಳು ‘ಐ-ಐ-ಐ’ ಎಂಬ ಮೂರನೆಯ ಭಾಗದಲ್ಲಿಯೂ, ಪ್ರತಿಯೊಂದು ಹಳ್ಳಿಯ ಪಂಚಾಯಿತಿಗೆ ಆಧಾರವಾದ ವಿಧಿಗಳು ‘ಐ-ಎಕ್ಸ್’ ಎಂಬ ಒಂಬತ್ತನೆಯ ಭಾಗದಲ್ಲಿಯೂ ಇವೆ. ಒಕ್ಕೂಟದ ಅಧಿಕೃತ ಕೆಲಸಗಳಿಗೆ ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪವನ್ನು ಬಳಸಬೇಕೆಂದು ವಿಧಿಸುವ 343ನೆಯ ಅನುಚ್ಛೇದವೂ ‘ಎಕ್ಸ್-ವಿ-ಐ-ಐ’ ಎಂಬ ಹದಿನೇಳನೆಯ ಭಾಗದಲ್ಲಿದೆ. ಅನುಚ್ಛೇದಗಳಿಗೆ ಭಾರತೀಯ ಅಂಕಿ, ಭಾಗಗಳಿಗೆ ರೋಮನ್ ಅಂಕಿ ಎಂಬ ಈ ಹಂಚಿಕೆಯಿಂದ ಎರಡು ಬಗೆಯ ಕ್ರಮಸಂಖ್ಯೆಗಳು ಒಂದರೊಡನೊಂದು ಬೆರೆಯದೆ ಉಳಿಯುತ್ತವೆ, ಮತ್ತು ರೋಮನ್ ಅಂಕಿಗಳು ಈ ಕಾಲದಲ್ಲಿಯೂ ಉಳಿದಿರುವುದಕ್ಕೆ ಇದೇ ಸರಿಯಾದ ಕಾರಣ. ರಸಾಯನಶಾಸ್ತ್ರದಲ್ಲಿ ಕಬ್ಬಿಣದ ಎರಡು ಬಗೆಯ ಲವಣಗಳನ್ನು ಬೇರ್ಪಡಿಸುವಾಗಲೂ, ಪ್ರಶ್ನೆಪತ್ರಿಕೆಯ ಮುಖ್ಯವಿಭಾಗಗಳನ್ನು ಗುರುತಿಸುವಾಗಲೂ ಇವು ಮಾಡುವ ಕೆಲಸ ಇದೇ.

ಹಾನಗಲ್ಲು ನಾಡಿನ ಶಾಲೆಗಳಲ್ಲಿ ರೋಮನ್ ಅಂಕಿಗಳನ್ನು ಕಲಿಸುವ ಗುರುಗಳು ಒಂದರಿಂದ ನೂರರವರೆಗಿನ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲಿಯೇ ನಿಲ್ಲದೆ, ಏಳು ಅಕ್ಷರಗಳ ಬೆಲೆ, ಕೂಡುವ ಮತ್ತು ಕಳೆಯುವ ನಿಯಮಗಳು, ಬಲದಿಂದ ಎಡಕ್ಕೆ ಓದುವ ಕ್ರಮ ಇಷ್ಟನ್ನು ಕಲಿಸಿದ ಮೇಲೆ, ತಮ್ಮ ಊರಿನ ಶಾಸನದ ಉಲ್ಲೇಖವೊಂದನ್ನೇ ಹಲಗೆಯ ಮೇಲೆ ಬರೆದು ಮಕ್ಕಳಿಂದ ಓದಿಸಿದರೆ ಆ ವಿದ್ಯೆ ಬಳಕೆಗೆ ಬರುತ್ತದೆ. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯೂ ‘ಕರ್ನಾಟಕ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಸಂಪುಟಗಳನ್ನು ಹೊರತಂದಿದೆ. ಹಳೆಯ ಶಾಸನ ಸಂಪುಟಗಳಲ್ಲಿ ಹಲವು ಈಗ ಗಣಕಯಂತ್ರದ ಮೂಲಕವೂ ಓದಲು ಸಿಗುತ್ತವೆ. ಅಬಲೂರು, ರಟ್ಟೀಹಳ್ಳಿ, ಹಾನಗಲ್ಲು, ಬಂಕಾಪುರಗಳ ಗುಡಿಗಳಲ್ಲಿ ನಿಂತಿರುವ ಕಲ್ಲುಗಳನ್ನು ಕಳೆದ ಶತಮಾನಗಳ ವಿದ್ವಾಂಸರು ಶ್ರಮಪಟ್ಟು ಓದಿ ಅಚ್ಚುಹಾಕಿಸಿ ಹೋಗಿದ್ದಾರೆ. ಅವರ ಗ್ರಂಥಗಳನ್ನು ದೊಡ್ಡ ಊರುಗಳ ಪಂಡಿತರ ಸ್ವತ್ತೆಂದು ಬಿಟ್ಟುಕೊಡದೆ, ಆ ಕಲ್ಲುಗಳ ನೆರಳಿನಲ್ಲೇ ಬೆಳೆಯುವ ಮಕ್ಕಳು ತಾವಾಗಿ ಹುಡುಕಿ ತೆರೆದು ಓದುವಂತಾಗಬೇಕು. ಅದಕ್ಕೆ ಬೇಕಾದ ಮೊದಲ ಸಾಧನ ಒಂದು ವಾರದ ಅಭ್ಯಾಸದಿಂದ ಕೈವಶವಾಗುವಂಥದಾಗಿರುವಾಗ ಅದನ್ನು ಕಲಿಸದೆ ಬಿಡುವುದಕ್ಕೆ ಯಾವ ಕಾರಣವೂ ಇಲ್ಲ.